ಮೇಣದಲ್ಲಿ ಉಳಿದ ಸಾಕ್ಷಿ

1918ರ ಸೆಪ್ಟೆಂಬರ್ 26. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಕ್ಯಾಂಪ್ ಜಾಕ್ಸನ್ ಸೇನಾ ಶಿಬಿರದ ಆಸ್ಪತ್ರೆ. ಮುಂಜಾನೆ ಆರೂವರೆಗೆ ಅಲ್ಲಿ 21 ವರ್ಷದ ಸಿಪಾಯಿಯೊಬ್ಬ ಕೊನೆಯುಸಿರೆಳೆದ. ಅವನಿಗೆ ಗುಂಡು ತಗುಲಿರಲಿಲ್ಲ, ಶತ್ರುವಿನ ಮುಖವನ್ನೂ ಅವನು ಕಂಡಿರಲಿಲ್ಲ. ಸುಮಾರು ಒಂದು ವಾರದ ಹಿಂದೆ ಚಳಿಜ್ವರ, ಮೈಕೈ ನೋವು ಎಂದು ಮಲಗಿದವನು ಮತ್ತೆ ಏಳಲಿಲ್ಲ.

ಅದೇ ದಿನ ವೈದ್ಯರು ಮರಣೋತ್ತರ ಪರೀಕ್ಷೆ ನಡೆಸಿದರು. ಎರಡೂ ಶ್ವಾಸಕೋಶಗಳಿಂದ ಸಣ್ಣ ಸಣ್ಣ ಚೂರುಗಳನ್ನು ಕತ್ತರಿಸಿ, ಕೊಳೆಯದಂತೆ ಫಾರ್ಮಾಲಿನ್‌ನಲ್ಲಿ ಅದ್ದಿ, ಬಳಿಕ ಮೇಣದಲ್ಲಿ ಹುದುಗಿಸಿದರು. ಆ ಮೇಣದ ತುಂಡುಗಳು ವಾಷಿಂಗ್ಟನ್ ನಗರದ ಸೇನಾ ವೈದ್ಯಕೀಯ ಸಂಗ್ರಹಾಲಯವನ್ನು ಸೇರಿದವು. ಉಳಿದ ಸಾವಿರಾರು ಮಾದರಿಗಳ ಜೊತೆ ಅವನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು, ಸಂಖ್ಯೆ ಬರೆದು, ಮರೆತುಬಿಡಲಾಯಿತು.

ಚೂರು ಕತ್ತರಿಸಿದ ವೈದ್ಯರಿಗೆ ತಾವು ಏನನ್ನು ಉಳಿಸುತ್ತಿದ್ದೇವೆ ಎಂಬುದು ಗೊತ್ತಿರಲಿಲ್ಲ. ಗೊತ್ತಾಗುವ ಸಾಧ್ಯತೆಯೂ ಇರಲಿಲ್ಲ. ಮನುಷ್ಯನ ಇನ್‌ಫ್ಲುಯೆಂಜಾಕ್ಕೆ ವೈರಾಣುವೇ ಕಾರಣ ಎಂದು ಜಗತ್ತು ತಿಳಿದದ್ದು ಅದಾದ 15 ವರ್ಷಗಳ ಮೇಲೆ. ಆದರೂ ಜಗತ್ತಿನಾದ್ಯಂತ ಸುಮಾರು ಐದು ಕೋಟಿ ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜು ಮಾಡಲಾಗಿರುವ ಆ ಮಹಾಮಾರಿಯ ಗುಟ್ಟು ಒಡೆದದ್ದು ಇಂಥ ಮೇಣದ ತುಂಡುಗಳಿಂದಲೇ.

ನೀರಿನಲ್ಲಿ ಮುಳುಗಿದ ಶ್ವಾಸಕೋಶ

ಆರೋಗ್ಯವಂತನ ಶ್ವಾಸಕೋಶ ಸ್ಪಂಜಿನಂತೆ ಹಗುರ. ಅದರ ಒಂದು ತುಂಡನ್ನು ನೀರಿಗೆ ಹಾಕಿದರೆ ತೇಲುತ್ತದೆ. ಒಳಗೆ ಗಾಳಿ ತುಂಬಿದ ಸೂಕ್ಷ್ಮ ಗೂಡುಗಳು ಮೂವತ್ತು ಕೋಟಿಗೂ ಮಿಗಿಲು. ಅವುಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರಿನ ಹಾಸು ಆದೀತು. ಗೂಡಿನ ಗೋಡೆ ಎಷ್ಟು ತೆಳುವೆಂದರೆ, ಒಂದು ಬದಿಯ ಗಾಳಿಯಿಂದ ಇನ್ನೊಂದು ಬದಿಯ ರಕ್ತಕ್ಕೆ ಆಮ್ಲಜನಕ ಕ್ಷಣಾರ್ಧದಲ್ಲಿ ದಾಟಿಬಿಡುತ್ತದೆ. ನಮ್ಮ ಬದುಕು ನಿಂತಿರುವುದು ಈ ತೆಳುಗೋಡೆಯ ಮೇಲೆ.

1918ರಲ್ಲಿ ಸತ್ತವರ ಎದೆಗೂಡನ್ನು ತೆರೆದ ವೈದ್ಯರಿಗೆ ಕಂಡದ್ದೇ ಬೇರೆ. ಶ್ವಾಸಕೋಶಗಳು ಕಡುಗೆಂಪು, ಕೆಲವೆಡೆ ನೀಲಿ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದರೆ ಯಕೃತ್ತಿನಂತೆ ಗಟ್ಟಿ. ಕೊಯ್ದರೆ ನೊರೆನೊರೆಯಾದ ರಕ್ತಮಿಶ್ರಿತ ದ್ರವ ಸುರಿಯುತ್ತಿತ್ತು. ನೀರಿಗೆ ಹಾಕಿದ ತುಂಡು ಕಲ್ಲಿನಂತೆ ಮುಳುಗುತ್ತಿತ್ತು. ಗಾಳಿ ಇರಬೇಕಾದ ಗೂಡುಗಳಲ್ಲಿ ನೀರು, ರಕ್ತ, ಕೀವು ತುಂಬಿದ್ದವು. ಒಂದು ಮಾತಿನಲ್ಲಿ ಹೇಳುವುದಾದರೆ, ಆ ರೋಗಿಗಳು ಒಣನೆಲದ ಮೇಲೆ, ಹಾಸಿಗೆಯಲ್ಲೇ ಮುಳುಗಿ ಸತ್ತಿದ್ದರು. ಸಾಯುವ ಮುನ್ನ ಹಲವರ ತುಟಿ, ಕಿವಿ, ಕೆನ್ನೆ ನೀಲಿಗಟ್ಟುತ್ತಿದ್ದುದಕ್ಕೂ ಇದೇ ಕಾರಣ. ಆಮ್ಲಜನಕ ರಕ್ತಕ್ಕೆ ತಲುಪುತ್ತಲೇ ಇರಲಿಲ್ಲ.

ಬೋಸ್ಟನ್ ನಗರದ ಸಮೀಪದ ಕ್ಯಾಂಪ್ ಡೆವೆನ್ಸ್ ಶಿಬಿರದಲ್ಲಿ ಆ ಸೆಪ್ಟೆಂಬರಿನಲ್ಲಿ ಒಂದೇ ದಿನ ಅರವತ್ತಕ್ಕೂ ಹೆಚ್ಚು ಸೈನಿಕರು ಸತ್ತರು. ಪರಿಶೀಲನೆಗೆ ಬಂದ ತಂಡದಲ್ಲಿ ಡಾ. ವಿಲಿಯಂ ವೆಲ್ಚ್ ಇದ್ದರು. ಅವರಿಗೆ ಆಗ 68 ವರ್ಷ. ಅಮೆರಿಕದ ರೋಗವಿಜ್ಞಾನಕ್ಕೆ ಭೀಷ್ಮಾಚಾರ್ಯ ಎನ್ನಬಹುದಾದ ವ್ಯಕ್ತಿ. ಜೀವಮಾನವಿಡೀ ಶವಪರೀಕ್ಷೆ ಮಾಡುತ್ತ ಬಂದ ಅವರು ಆ ಊದಿಕೊಂಡ ನೀಲಿ ಶ್ವಾಸಕೋಶಗಳನ್ನು ಕಂಡು ಕಂಗೆಟ್ಟರು. ಇದೇನೋ ಹೊಸ ಸೋಂಕು ಅಥವಾ ಹೊಸ ಬಗೆಯ ಪ್ಲೇಗ್ ಇರಬೇಕೆಂದು ಅವರು ಉದ್ಗರಿಸಿದ್ದನ್ನು ಜೊತೆಯಲ್ಲಿದ್ದ ಡಾ. ರೂಫಸ್ ಕೋಲ್ ಮುಂದೆ ನೆನಪಿಸಿಕೊಂಡಿದ್ದಾರೆ. ವೆಲ್ಚ್ ಅವರಂಥವರೇ ಎದೆಗುಂದಿದ್ದನ್ನು ಕೋಲ್ ಅದಕ್ಕೂ ಮೊದಲು ಕಂಡಿರಲಿಲ್ಲವಂತೆ.

ತಪ್ಪು ಆರೋಪಿ

ಕೊಲೆಗಾರ ಯಾರು? ಅಂದಿನ ವೈದ್ಯಲೋಕದ ಬಳಿ ಸಿದ್ಧ ಉತ್ತರವೊಂದಿತ್ತು. ಜರ್ಮನಿಯ ರಿಚರ್ಡ್ ಫೈಫರ್ 1892ರಲ್ಲೇ ಇನ್‌ಫ್ಲುಯೆಂಜಾ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯಾ ಕಂಡು, ಇದೇ ರೋಗಕಾರಕ ಎಂದು ಘೋಷಿಸಿದ್ದರು. ಆದರೆ 1918ರಲ್ಲಿ ಸತ್ತವರ ಶ್ವಾಸಕೋಶಗಳನ್ನು ಹುಡುಕಿದಾಗ ಕೆಲವರಲ್ಲಿ ಅದು ಸಿಕ್ಕಿತು, ಹಲವರಲ್ಲಿ ಸಿಗಲಿಲ್ಲ. ಒಬ್ಬನಲ್ಲಿ ನ್ಯುಮೋಕಾಕಸ್, ಇನ್ನೊಬ್ಬನಲ್ಲಿ ಸ್ಟ್ರೆಪ್ಟೋಕಾಕಸ್, ಮತ್ತೊಬ್ಬನಲ್ಲಿ ಸ್ಟಫೈಲೋಕಾಕಸ್. ಸ್ಥಳದಲ್ಲಿ ಸಿಕ್ಕವರೆಲ್ಲ ಕಳ್ಳರೇ, ಆದರೆ ಬಾಗಿಲು ಮುರಿದವನು ಯಾರೆಂದು ಮಾತ್ರ ತಿಳಿಯದು.

ಬಾಗಿಲು ಮುರಿದವನು ಅಂದಿನ ಸೂಕ್ಷ್ಮದರ್ಶಕಗಳಿಗೆ ಕಾಣದಷ್ಟು ಚಿಕ್ಕವನಾಗಿದ್ದ. 1933ರಲ್ಲಿ ಲಂಡನ್ನಿನ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಅವರು ರೋಗಿಯ ಗಂಟಲಿನ ದ್ರವವನ್ನು ಬ್ಯಾಕ್ಟೀರಿಯಾ ದಾಟಲಾರದಂತೆ ಸೋಸಿ, ಅದನ್ನು ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಯ ಮೂಗಿಗೆ ಬಿಟ್ಟರು. ಫೆರೆಟ್‌ಗೆ ಜ್ವರ ಬಂತು. ಕಾರಣ ವೈರಾಣು ಎಂಬುದು ಸಿದ್ಧವಾಯಿತು. ಆದರೆ ಅಷ್ಟರಲ್ಲಿ 1918ರ ವೈರಾಣು ತನ್ನ ಮೂಲ ರೂಪದಲ್ಲಿ ಜಗತ್ತಿನಿಂದ ಮರೆಯಾಗಿತ್ತು. ಅಪರಾಧಿ ಯಾವ ಕುಲದವನೆಂದು ಗೊತ್ತಾದರೂ ಅವನ ಮುಖ ನೋಡುವ ದಾರಿ ಇರಲಿಲ್ಲ.

ಭಾರತದ ಲೆಕ್ಕ

ಈ ಕಥೆ ಅಮೆರಿಕದ ಶಿಬಿರಗಳಲ್ಲಿ ನಡೆದರೂ, ಸಾವಿನ ಲೆಕ್ಕದಲ್ಲಿ ಅತಿ ದೊಡ್ಡ ಪಾಲು ನಮ್ಮದು. 1918ರ ಜೂನ್ ತಿಂಗಳಿನಲ್ಲಿ ಮುಂಬಯಿಯ ಬಂದರಿನ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಮೊದಲ ಅಲೆ ಹೆಚ್ಚು ಕೆಡುಕು ಮಾಡದೆ ಹೋಯಿತು. ಸೆಪ್ಟೆಂಬರಿನಲ್ಲಿ, ಅಂದರೆ ಆ ಅಮೆರಿಕನ್ ಸಿಪಾಯಿ ಸತ್ತ ದಿನಗಳಲ್ಲೇ, ಎರಡನೆಯ ಅಲೆ ಬಂತು. ರೈಲು ಹೋದಲ್ಲೆಲ್ಲ ರೋಗವೂ ಹೋಯಿತು. ಆ ವರ್ಷ ಮಳೆ ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು, ವೈದ್ಯರಲ್ಲಿ ಅನೇಕರು ಯುದ್ಧಸೇವೆಗೆ ಹೋಗಿದ್ದರು. ಅರೆಹೊಟ್ಟೆಯ ದೇಹಗಳಿಗೆ ಜ್ವರ ತಾಗಿತು.

ಅಂದಿನ ಭಾರತದಲ್ಲಿ ಸತ್ತವರ ಸಂಖ್ಯೆ 1.2 ಕೋಟಿಗೂ ಹೆಚ್ಚು ಎನ್ನುತ್ತವೆ ಅಂದಾಜುಗಳು. 1.8 ಕೋಟಿ ಎನ್ನುವವರೂ ಇದ್ದಾರೆ. 20ರಿಂದ 40 ವರ್ಷದೊಳಗಿನವರೇ ಹೆಚ್ಚು, ಅವರಲ್ಲೂ ಹೆಂಗಸರು ಹೆಚ್ಚು. ಭಾರತದ ಜನಗಣತಿಯ ಇತಿಹಾಸದಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ ಜನಸಂಖ್ಯೆ ಏರುವ ಬದಲು ಇಳಿದದ್ದು ಒಮ್ಮೆ ಮಾತ್ರ, 1911ರಿಂದ 1921ರ ನಡುವೆ. ಹಿಂದಿಯ ಕವಿ ನಿರಾಲಾ ಪತ್ನಿಯನ್ನೂ ಮನೆಯ ಹಲವರನ್ನೂ ಕಳೆದುಕೊಂಡದ್ದು ಇದೇ ರೋಗಕ್ಕೆ.

ಸತ್ತವರಲ್ಲಿ ಬಹುಪಾಲು ಜನ ಆಸ್ಪತ್ರೆಯ ಮುಖ ಕಾಣದ ಹಳ್ಳಿಗರು. ಅವರನ್ನು ಸುಟ್ಟರು, ಹೂಳಿದರು, ಸೌದೆ ಸಿಗದಾಗ ನದಿಗೂ ಬಿಟ್ಟರು. ಅವರ ಶ್ವಾಸಕೋಶದಲ್ಲಿ ಏನಾಗಿತ್ತು ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಹಿಮದಡಿಯ ಹುಡುಕಾಟ

ಉತ್ತರ ಧ್ರುವಕ್ಕೆ ಹತ್ತಿರದ ಅಲಾಸ್ಕಾದಲ್ಲಿ, ಕಡಲ ದಂಡೆಯ ಮೇಲೆ ಬ್ರೆವಿಗ್ ಮಿಷನ್ ಎಂಬ ಪುಟ್ಟ ಹಳ್ಳಿಯಿದೆ. 1918ರ ನವೆಂಬರಿನಲ್ಲಿ ಐದೇ ದಿನಗಳಲ್ಲಿ ಅಲ್ಲಿನ 80 ಮಂದಿ ವಯಸ್ಕರಲ್ಲಿ 72 ಮಂದಿ ಸತ್ತರು. ಅವರನ್ನೆಲ್ಲ ಒಂದೇ ಗುಂಡಿಯಲ್ಲಿ ಹೂಳಿ, ಮೇಲೆ ಶಿಲುಬೆ ನೆಡಲಾಯಿತು. ಅಲ್ಲಿನ ನೆಲ ಆಳದಲ್ಲಿ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ.

ಹೆಪ್ಪುಗಟ್ಟಿದ ನೆಲದಲ್ಲಿ ಹೂತ ದೇಹದ ಶ್ವಾಸಕೋಶ ಇನ್ನೂ ಕೆಡದೆ ಉಳಿದಿರಬಹುದಲ್ಲವೆ? ಈ ಪ್ರಶ್ನೆ ಹೊಳೆದದ್ದು ಅಯೋವಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ವೀಡನ್ ಮೂಲದ ಯೋಹಾನ್ ಹುಲ್ಟಿನ್ ಎಂಬ ತರುಣನಿಗೆ. 1951ರಲ್ಲಿ, ತನ್ನ 26ನೇ ವಯಸ್ಸಿನಲ್ಲಿ, ಅವರು ಆ ಹಳ್ಳಿಗೆ ಹೋದರು. ಸೀದಾ ಗುದ್ದಲಿ ಹಿಡಿಯಲಿಲ್ಲ. ಊರ ಹಿರಿಯರ ಮುಂದೆ ಕುಳಿತು, ಈ ರೋಗ ಮತ್ತೆ ಬಂದರೆ ತಡೆಯಲು ಲಸಿಕೆ ಬೇಕು, ಅದಕ್ಕೆ ನಿಮ್ಮವರ ದೇಹದ ಒಂದು ತುಣುಕು ಬೇಕು ಎಂದು ಬಿಡಿಸಿ ಹೇಳಿದರು. 1918ರಲ್ಲಿ ಬದುಕುಳಿದವರೂ ಆ ಸಭೆಯಲ್ಲಿದ್ದರು. ಅವರು ಒಪ್ಪಿದರು.

ಬೆಂಕಿ ಹಾಕಿ ನೆಲ ಕರಗಿಸುತ್ತ, ಅಷ್ಟಷ್ಟೇ ಅಗೆಯುತ್ತ ಹೋದಾಗ ಮೊದಲು ಕಂಡದ್ದು ನೀಲಿ ಉಡುಪಿನ, ಜಡೆಗೆ ಕೆಂಪು ರಿಬ್ಬನ್ ಕಟ್ಟಿದ್ದ ಪುಟ್ಟ ಹುಡುಗಿಯ ದೇಹ. ಇನ್ನೂ ಕೆಲವು ದೇಹಗಳಿಂದ ಶ್ವಾಸಕೋಶದ ಮಾದರಿ ತೆಗೆದು, ಹೆಪ್ಪುಗಟ್ಟಿಸಿ ಅಯೋವಾಕ್ಕೆ ಒಯ್ದರು. ಕೋಳಿಮೊಟ್ಟೆಗಳಲ್ಲಿ ವೈರಾಣು ಬೆಳೆಸಲು ನೋಡಿದರು, ಫೆರೆಟ್‌ಗಳ ಮೂಗಿಗೆ ಬಿಟ್ಟು ನೋಡಿದರು. ಏನೂ ಬೆಳೆಯಲಿಲ್ಲ. ವೈರಾಣು ಸತ್ತಿತ್ತು. ಹುಲ್ಟಿನ್ ಸೋತು ಕೈಚೆಲ್ಲಿದರು. ಮುಂದೆ ರೋಗವಿಜ್ಞಾನಿಯಾಗಿ ದುಡಿದು ನಿವೃತ್ತರೂ ಆದರು.

ಪೆಟ್ಟಿಗೆ ತೆರೆದಾಗ

ಸತ್ತ ವೈರಾಣುವನ್ನು ಬೆಳೆಸಲಾಗದು, ನಿಜ. ಆದರೆ ಅದರ ವಂಶವಾಹಿಯ ಚೂರುಗಳನ್ನು ಓದಬಹುದಲ್ಲ! ಒಂದು ಚೂರಿನಿಂದ ಕೋಟ್ಯಂತರ ನಕಲು ತೆಗೆಯುವ ಪಿಸಿಆರ್ ವಿಧಾನ 1980ರ ದಶಕದಲ್ಲಿ ಬಂದ ಮೇಲೆ ಇದು ಸಾಧ್ಯವಾಯಿತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆಲ್ಲ ಈ ಹೆಸರು ಪರಿಚಿತ.

ಹಳೆಯ ಸೇನಾ ಸಂಗ್ರಹಾಲಯ ಅಷ್ಟರಲ್ಲಿ ಸಶಸ್ತ್ರ ಪಡೆಗಳ ರೋಗವಿಜ್ಞಾನ ಸಂಸ್ಥೆಯಾಗಿ ಬೆಳೆದಿತ್ತು. ಅಲ್ಲಿನ ಡಾ. ಜೆಫ್ರಿ ಟೌಬೆನ್‌ಬರ್ಗರ್ 1995ರಲ್ಲಿ ಒಂದು ವರದಿ ಓದಿದರು. ಅಣುಸಿದ್ಧಾಂತದ ಜಾನ್ ಡಾಲ್ಟನ್ ತನ್ನ ಬಣ್ಣಗುರುಡಿಗೆ ಕಾರಣ ಪತ್ತೆಯಾಗಲಿ ಎಂದು ಸತ್ತ ನಂತರ ಕಣ್ಣನ್ನು ಕೊಟ್ಟಿದ್ದ; 150 ವರ್ಷಗಳ ಬಳಿಕ ಆ ಕಣ್ಣಿನ ವಂಶವಾಹಿ ಓದಿ ಕಾರಣ ಹೇಳಲಾಗಿತ್ತು. ನಮ್ಮ ಉಗ್ರಾಣದಲ್ಲೂ ಹಾಗೆ ಓದಬಹುದಾದದ್ದು ಏನಿದೆ ಎಂದು ಯೋಚಿಸಿದ ಟೌಬೆನ್‌ಬರ್ಗರ್, 1918ರ ಸಿಪಾಯಿಗಳ ಪೆಟ್ಟಿಗೆಗಳನ್ನು ತರಿಸಿದರು. ಸಹೋದ್ಯೋಗಿ ಆ್ಯನ್ ರೀಡ್ ತಿಂಗಳುಗಟ್ಟಲೆ ಮಾದರಿಗಳನ್ನು ಪರೀಕ್ಷಿಸಿದರು. ಹೆಚ್ಚಿನವು ಬರಿದು. ತಡವಾಗಿ ಸತ್ತವರ ದೇಹದಲ್ಲಿ ಬ್ಯಾಕ್ಟೀರಿಯಾಗಳಷ್ಟೇ ಉಳಿದು, ವೈರಾಣು ಆಗಲೇ ಕಾಲ್ತೆಗೆದಿತ್ತು.

ಕೊನೆಗೆ ಕ್ಯಾಂಪ್ ಜಾಕ್ಸನ್‌ನ ಆ 21ರ ತರುಣನ ಮಾದರಿ ಬಂತು. ಅವನಲ್ಲಿ ಒಂದು ವಿಚಿತ್ರವಿತ್ತು. ಎಡ ಶ್ವಾಸಕೋಶ ಬ್ಯಾಕ್ಟೀರಿಯಾದ ನ್ಯುಮೋನಿಯಾದಿಂದ ಪೂರ್ತಿ ಹಾಳಾಗಿತ್ತು. ಬಲ ಶ್ವಾಸಕೋಶದಲ್ಲಿ ಮಾತ್ರ ರೋಗ ಹಿಂದೆ ಬಿದ್ದಿತ್ತು. ಅಲ್ಲಿ ಇನ್ನೂ ವೈರಾಣುವಿನ ಆರಂಭದ ಹಾವಳಿಯೇ ನಡೆದಿತ್ತು. ಒಂದೇ ಎದೆಗೂಡಿನಲ್ಲಿ ರೋಗದ ಎರಡು ಹಂತಗಳು! ಬಲ ಶ್ವಾಸಕೋಶದ ಮೇಣದ ತುಂಡಿನಲ್ಲಿ ವೈರಾಣುವಿನ ವಂಶವಾಹಿಯ ಚೂರುಗಳು ಸಿಕ್ಕವು. ನ್ಯೂಯಾರ್ಕಿನ ಕ್ಯಾಂಪ್ ಅಪ್ಟನ್‌ನಲ್ಲಿ ಅದೇ ಸೆಪ್ಟೆಂಬರ್ 26ರಂದು ಸತ್ತಿದ್ದ ಇನ್ನೊಬ್ಬ ಸಿಪಾಯಿಯಲ್ಲೂ ಮುಂದೆ ಸಿಕ್ಕವು. ಮೊದಲ ವರದಿ 1997ರ ಮಾರ್ಚ್‌ನಲ್ಲಿ ಪ್ರಕಟವಾಯಿತು.

ಅದನ್ನು ಓದಿದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನಿವೃತ್ತ ಹುಲ್ಟಿನ್ ಕೂಡ ಒಬ್ಬರು. ಇನ್ನಷ್ಟು ಮಾದರಿ ಬೇಕೆ, ನಾನು ತಂದುಕೊಡುತ್ತೇನೆ ಎಂದು ಟೌಬೆನ್‌ಬರ್ಗರ್‌ಗೆ ಪತ್ರ ಬರೆದರು. ಆ ವರ್ಷದ ಆಗಸ್ಟ್‌ನಲ್ಲಿ, 72ನೇ ವಯಸ್ಸಿನಲ್ಲಿ, ಸ್ವಂತ ಖರ್ಚಿನಲ್ಲಿ ಹೊರಟರು. ಚೀಲದಲ್ಲಿ ಹೆಂಡತಿಯ ತೋಟದ ಕತ್ತರಿಯೂ ಇತ್ತು. ಮತ್ತೆ ಊರ ಹಿರಿಯರ ಬಳಿ ಕುಳಿತು ಅನುಮತಿ ಕೇಳಿದರು. ಮತ್ತೆ ಸಿಕ್ಕಿತು. ಊರಿನ ಹುಡುಗರೇ ಅಗೆಯಲು ನೆರವಾದರು.

ಸುಮಾರು ಏಳು ಅಡಿ ಆಳದಲ್ಲಿ ಒಬ್ಬ ಸ್ಥೂಲಕಾಯದ ಹೆಂಗಸಿನ ದೇಹ ಸಿಕ್ಕಿತು. ಅಕ್ಕಪಕ್ಕದ ದೇಹಗಳು ಅಸ್ಥಿಪಂಜರಗಳಾಗಿದ್ದರೂ ಮೈಯ ಕೊಬ್ಬು ಆಕೆಯ ಶ್ವಾಸಕೋಶವನ್ನು ಕಾಪಾಡಿತ್ತು. ಹುಲ್ಟಿನ್ ಆಕೆಗೆ ಲೂಸಿ ಎಂದು ಹೆಸರಿಟ್ಟರು. ಮಾದರಿ ತೆಗೆದ ಮೇಲೆ ಗುಂಡಿ ಮುಚ್ಚಿ, ಕೊಳೆತುಹೋಗಿದ್ದ ಹಳೆಯ ಶಿಲುಬೆಗಳ ಜಾಗದಲ್ಲಿ ತಾವೇ ಮರದಿಂದ ಮಾಡಿದ ಎರಡು ಶಿಲುಬೆ ನೆಟ್ಟು ಬಂದರು. ಕೆಲವೇ ದಿನಗಳಲ್ಲಿ ಉತ್ತರ ಬಂತು. ಲೂಸಿಯ ಶ್ವಾಸಕೋಶದಲ್ಲಿ 1918ರ ವೈರಾಣುವಿನ ವಂಶವಾಹಿ ಇತ್ತು. 46 ವರ್ಷದ ಹಿಂದೆ ಬಿಟ್ಟ ಕೆಲಸ ಕೈಗೂಡಿತ್ತು. ಹುಲ್ಟಿನ್ 2022ರ ಜನವರಿಯಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು.

ಬೇಲಿ ಮುರಿದ ಹೊಲ

ಇಬ್ಬರು ಸಿಪಾಯಿಗಳು ಮತ್ತು ಒಬ್ಬ ಅಲಾಸ್ಕಾದ ಹೆಂಗಸು. ಈ ಮೂವರ ಶ್ವಾಸಕೋಶಗಳಿಂದ ಚೂರು ಚೂರಾಗಿ ಜೋಡಿಸಿದ ವೈರಾಣುವಿನ ಎಂಟೂ ವಂಶವಾಹಿ ಭಾಗಗಳ ಓದು 2005ರಲ್ಲಿ ಮುಗಿಯಿತು. ಅದು ಹಕ್ಕಿಗಳ ಫ್ಲೂ ವೈರಾಣುಗಳನ್ನು ಬಹಳವಾಗಿ ಹೋಲುವ ಎಚ್1ಎನ್1 ಎಂದು ಗೊತ್ತಾಯಿತು. ಅದೇ ವರ್ಷ ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದಲ್ಲಿ ಟೆರೆನ್ಸ್ ಟಂಪಿ ಅವರು ಬಿಗಿ ಭದ್ರತೆಯಲ್ಲಿ ಆ ವೈರಾಣುವನ್ನು ಮರಳಿ ಸೃಷ್ಟಿಸಿ ಇಲಿಗಳ ಮೇಲೆ ಪ್ರಯೋಗಿಸಿದರು. ಇಲಿಗಳು ಆರು ದಿನಗಳೊಳಗೆ ಸತ್ತವು. ಸತ್ತ ಭೂತವನ್ನು ಎಬ್ಬಿಸಿದ್ದು ಸರಿಯೇ ಎಂಬ ವಾದ ಇಂದಿಗೂ ಮುಗಿದಿಲ್ಲ.

ಹಾಗಾದರೆ ಕೋಟಿಗಟ್ಟಲೆ ಜನರನ್ನು ಕೊಂದದ್ದು ಈ ವೈರಾಣು ಒಂದೇ ಏನು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2008ರಲ್ಲಿ. ಡೇವಿಡ್ ಮೊರೆನ್ಸ್, ಟೌಬೆನ್‌ಬರ್ಗರ್ ಮತ್ತು ಆಂಟನಿ ಫೌಚಿ ಅವರು 58 ಮಂದಿಯ ಹಳೆಯ ಮೇಣದ ಮಾದರಿಗಳನ್ನು ಹೊಸದಾಗಿ ಕತ್ತರಿಸಿ ನೋಡಿದರು. ಅಂದಿನ ವೈದ್ಯರು ಬರೆದಿಟ್ಟ ಎಂಟು ಸಾವಿರಕ್ಕೂ ಹೆಚ್ಚು ಶವಪರೀಕ್ಷೆಗಳ ವರದಿಗಳನ್ನೂ ತಿರುವಿಹಾಕಿದರು. ಬಹುಪಾಲು ಸಾವುಗಳಲ್ಲಿ ಕೊನೆಯ ಏಟು ಕೊಟ್ಟದ್ದು ಬ್ಯಾಕ್ಟೀರಿಯಾ ಎಂಬ ತೀರ್ಮಾನಕ್ಕೆ ಬಂದರು.

ಅದು ಹೀಗೆ. ಉಸಿರ್ನಾಳದ ಒಳಪದರದಲ್ಲಿ ಕಸವನ್ನು ಹೊರಗೆ ತಳ್ಳುವ ಸಣ್ಣ ರೋಮಗಳುಳ್ಳ ಕೋಶಗಳಿರುತ್ತವೆ. ವೈರಾಣು ಮೊದಲು ಈ ಪದರವನ್ನು ಸುಲಿದುಹಾಕುತ್ತದೆ. ಬಳಿಕ ಗಾಳಿಗೂಡುಗಳ ತೆಳುಗೋಡೆಗೆ ಕೈಹಾಕುತ್ತದೆ. ಗೋಡೆ ಸೋರಿ ರಕ್ತದ ನೀರು ಒಳಗಿಳಿಯುತ್ತದೆ. ಸತ್ತ ಕೋಶಗಳೂ ಪ್ರೋಟೀನೂ ಸೇರಿ ಗೂಡಿನ ಒಳಮೈಗೆ ಗಾಜಿನಂಥ ಪೊರೆಯೊಂದು ಅಂಟಿಕೊಳ್ಳುತ್ತದೆ. ನಮ್ಮ ಮೂಗು, ಗಂಟಲಲ್ಲಿ ಮಾಮೂಲಾಗಿ ತಣ್ಣಗೆ ಇರುವ ಬ್ಯಾಕ್ಟೀರಿಯಾಗಳಿಗೆ ಇಷ್ಟೇ ಸಾಕು. ಬೇಲಿ ಮುರಿದ ಹೊಲಕ್ಕೆ ದನ ನುಗ್ಗಿದಂತೆ ಅವು ಕೆಳಗಿಳಿದು ನ್ಯುಮೋನಿಯಾ ತರುತ್ತವೆ.

ಇನ್ನು ಕೆಲವರು ಬ್ಯಾಕ್ಟೀರಿಯಾ ನುಗ್ಗುವ ಮೊದಲೇ ಸತ್ತರು. ಅವರಲ್ಲಿ ವೈರಾಣುವಿನ ಜೊತೆ ದೇಹದ ಸ್ವಂತ ರಕ್ಷಣಾಪಡೆಯೂ ಮಿತಿಮೀರಿ ಕೆರಳಿ ಶ್ವಾಸಕೋಶವನ್ನೇ ಸುಟ್ಟಿರಬೇಕು ಎಂಬುದು ಹಲವು ತಜ್ಞರ ಅಭಿಪ್ರಾಯ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಮನ ಕಲಕುವ ಇನ್ನೊಂದು ಸಂಗತಿಯೂ ಆ ಗಾಜಿನ ಪಟ್ಟಿಗಳಲ್ಲಿ ಕಂಡಿತು. ಸತ್ತವರಲ್ಲಿ ಹಲವರ ಶ್ವಾಸಕೋಶ ವೈರಾಣುವಿನ ಏಟಿನಿಂದ ಚೇತರಿಸಿಕೊಳ್ಳತೊಡಗಿತ್ತು. ಹಾಳಾದ ಪದರದ ಜಾಗದಲ್ಲಿ ಹೊಸ ಕೋಶಗಳು ಚಿಗುರಿದ್ದವು. ಬ್ಯಾಕ್ಟೀರಿಯಾ ತಡೆಯುವ ಔಷಧ ಇದ್ದಿದ್ದರೆ ಅವರಲ್ಲಿ ಅನೇಕರು ಉಳಿಯುತ್ತಿದ್ದರು. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು 1928ರಲ್ಲಿ, ಹತ್ತು ವರ್ಷ ತಡವಾಗಿ. ಫ್ಲೂ ಮಹಾಮಾರಿಗೆ ಸಿದ್ಧರಾಗುವುದೆಂದರೆ ವೈರಾಣುವಿನ ಲಸಿಕೆಯಷ್ಟೇ ಅಲ್ಲ, ನ್ಯುಮೋನಿಯಾ ಲಸಿಕೆ ಮತ್ತು ಜೀವಿರೋಧಕ ಔಷಧಗಳನ್ನೂ ಕೂಡಿಟ್ಟುಕೊಳ್ಳಬೇಕು ಎಂಬ ಪಾಠ ಹೇಳಿಕೊಟ್ಟವರು ಈ ಮೃತರೇ.

ನೂರು ವರ್ಷಗಳ ಬಳಿಕ

2020ರಲ್ಲಿ ಕೋವಿಡ್ ಬಂದಾಗ ವೈದ್ಯರು ಮತ್ತೆ ಸತ್ತವರ ಶ್ವಾಸಕೋಶವನ್ನೇ ಕೇಳಬೇಕಾಯಿತು. ಆ ವರ್ಷದ ಮೇ ತಿಂಗಳಲ್ಲಿ ಜರ್ಮನಿಯ ತಜ್ಞರನ್ನೊಳಗೊಂಡ ತಂಡವೊಂದು ಕೋವಿಡ್‌ನಿಂದ ಸತ್ತ ಏಳು ಮಂದಿಯ ಶ್ವಾಸಕೋಶಗಳನ್ನು, 2009ರ ಎಚ್1ಎನ್1 ಫ್ಲೂವಿನಿಂದ ಸತ್ತ ಏಳು ಮಂದಿಯ ಶ್ವಾಸಕೋಶಗಳೊಡನೆ ಹೋಲಿಸಿತು. ಎರಡರಲ್ಲೂ ಗಾಳಿಗೂಡುಗಳ ಗೋಡೆ ಹಾಳಾಗಿತ್ತು. ಆದರೆ ಕೋವಿಡ್ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ ಒಂಬತ್ತು ಪಟ್ಟು ಹೆಚ್ಚು ಇತ್ತು. ಕೋವಿಡ್ ರೋಗಿಗಳಿಗೆ ರಕ್ತ ಹೆಪ್ಪುಗಟ್ಟದಂತೆ ಚುಚ್ಚುಮದ್ದು ಏಕೆ ಕೊಡುತ್ತಿದ್ದರು ಎಂಬುದನ್ನು ಇಂಥ ಶೋಧಗಳು ವಿವರಿಸುತ್ತವೆ.

ಅದೇ ಮೇ ತಿಂಗಳಲ್ಲಿ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಸಿಬ್ಬಂದಿಗೆ ಸೋಂಕು ತಗುಲಬಹುದೆಂಬ ಕಾರಣಕ್ಕೆ, ಕೋವಿಡ್ ಶವಗಳನ್ನು ಕೊಯ್ದು ಪರೀಕ್ಷಿಸುವುದು ಬೇಡ ಎಂದು ಸಲಹೆ ನೀಡಿತ್ತು. ಹೀಗಾಗಿ ಇಲ್ಲಿ ಶವಪರೀಕ್ಷೆಗಳು ವಿರಳವಾದವು. ಅಕ್ಟೋಬರಿನಲ್ಲಿ ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರ ವಿಧಿವಿಜ್ಞಾನ ತಜ್ಞ ಡಾ. ದಿನೇಶ್ ರಾವ್, ಕುಟುಂಬದ ಒಪ್ಪಿಗೆ ಪಡೆದು, ಕೋವಿಡ್‌ನಿಂದ ಸತ್ತ 62 ವರ್ಷದ ವ್ಯಕ್ತಿಯೊಬ್ಬರ ಶವಪರೀಕ್ಷೆ ನಡೆಸಿದರು. ಶ್ವಾಸಕೋಶ ಚರ್ಮದ ಚೆಂಡಿನಂತೆ ಗಟ್ಟಿಯಾಗಿತ್ತು, ರಕ್ತನಾಳಗಳಲ್ಲಿ ಹೆಪ್ಪುಗಳಿದ್ದವು ಎಂದು ಅವರು ತಿಳಿಸಿದಾಗ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. 1918ರಲ್ಲಿ ವೆಲ್ಚ್ ಬೆರಗಾಗಿ ನೋಡಿದ್ದನ್ನು ನೆನಪಿಗೆ ತರುವ ವರ್ಣನೆ ಅದು.

ಶವವನ್ನು ಕೊಯ್ಯುವುದೆಂದರೆ ನಮ್ಮ ಮನೆಗಳಲ್ಲಿ ಇಂದಿಗೂ ಅಳುಕು. ಹೋದವರಿಗೆ ಮತ್ತೆ ನೋವು ಕೊಡಬೇಕೆ ಎಂಬ ಆ ಭಾವನೆಯನ್ನು ಅಜ್ಞಾನ ಎಂದು ತಳ್ಳಿಹಾಕುವುದು ತಪ್ಪು. ಬ್ರೆವಿಗ್ ಮಿಷನ್‌ನ ಹಿರಿಯರಿಗೂ ಅಳುಕು ಇದ್ದಿರಲೇಬೇಕು. ಹುಲ್ಟಿನ್ ಎರಡು ಸಲವೂ ಮೊದಲು ಅವರೊಡನೆ ಕುಳಿತು ಮಾತನಾಡಿದರು, ಕೊನೆಗೆ ಶಿಲುಬೆ ನೆಟ್ಟು ಬಂದರು. ಕೇಳುವ ರೀತಿಯಲ್ಲಿ ಕೇಳಿದ್ದರಿಂದ ಆ ಊರು ಕೊಟ್ಟಿತು.

1918ರ ವೈರಾಣುವಿನ ಪೂರ್ಣ ಲಿಪಿ ಒದಗಿಸಿದ ಆ ಮೂವರಲ್ಲಿ ಭಾರತದವರು ಒಬ್ಬರೂ ಇಲ್ಲ. ಅತಿ ಹೆಚ್ಚು ಸತ್ತವರು ನಾವು. ಸಾಕ್ಷಿ ಹೇಳಿದವರು ಬೇರೆಯವರು. ಆ 21ರ ತರುಣನ ಬಲ ಶ್ವಾಸಕೋಶದಿಂದ ಕಲಿತದ್ದು ಮಾತ್ರ ಇಂದು ನಮ್ಮ ಊರಿನ ರೋಗಿಗೂ ಸಲ್ಲುತ್ತಿದೆ. ಅವನಿಗೆ ಉಸಿರಾಡಲು ಬಾರದೆ ಹೋದ ಆ ದಿನ ಯಾರೋ ಒಬ್ಬ ವೈದ್ಯ, ಏಕೆಂದು ಪೂರ್ತಿ ತಿಳಿಯದಿದ್ದರೂ, ಒಂದು ಚೂರನ್ನು ಜೋಪಾನವಾಗಿ ತೆಗೆದಿಟ್ಟಿದ್ದ.